ಹಿಸ್ಟೋನ್‌ಗೆ ನ್ಯಾಯ ಸಿಕ್ಕ ಬಗೆ

1984ರಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲೊಂದು, ಪೂರ್ವ ತೀರದಲ್ಲೊಂದು ಯೀಸ್ಟ್ ಪ್ರಯೋಗಾಲಯ ತಂತಮ್ಮ ಸಂಶೋಧನೆಯನ್ನು ಪ್ರಕಟಿಸಿದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐರಾ ಹರ್ಸ್ಕೊವಿಟ್ಜ್ ಅವರ ತಂಡಕ್ಕೆ ಕಾಡುತ್ತಿದ್ದ ಪ್ರಶ್ನೆ, ಯೀಸ್ಟ್ ಕೋಶ ತನ್ನ ಲಿಂಗಪ್ರಕಾರವನ್ನು ಹೇಗೆ ಬದಲಿಸಿಕೊಳ್ಳುತ್ತದೆ ಎಂಬುದು. ಆ ಬದಲಾವಣೆಗೆ ‘ಎಚ್‌ಒ’ ಎಂಬ ಜೀನ್ ಕೆಲಸ ಮಾಡಬೇಕು. ಅದು ಕೆಲಸ ಮಾಡಬೇಕಾದರೆ ಇನ್ನೂ ಐದು ಜೀನ್‌ಗಳು ಸರಿಯಾಗಿರಬೇಕು ಎಂದು ಅವರು ಕಂಡುಕೊಂಡರು. ಆ ಐದಕ್ಕೆ ‘ಸ್ವಿಚ್’ ಜೀನ್‌ಗಳೆಂದು ಹೆಸರಾಯಿತು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮರಿಯನ್ ಕಾರ್ಲ್‌ಸನ್ ಅವರ ತಂಡದ ಗಮನ ಸಕ್ಕರೆಯ ಮೇಲಿತ್ತು. ಸುಕ್ರೋಸನ್ನು ಒಡೆಯುವ ಇನ್ವರ್ಟೇಸ್ ಕಿಣ್ವವನ್ನು ಬೇಕಾದಾಗ ತಯಾರಿಸಲಾಗದ ಯೀಸ್ಟ್‌ಗಳನ್ನು ಆರಿಸಿ, ಅವುಗಳಲ್ಲಿ ಕೆಟ್ಟಿರುವ ಜೀನ್‌ಗಳನ್ನು ಅವರು ಪಟ್ಟಿ ಮಾಡಿದರು. ಸುಕ್ರೋಸ್ ಹುದುಗಿಸಲಾರದವು ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಇವಕ್ಕೆ ‘ಸ್ನಿಫ್’ ಎಂಬ ಹೆಸರು ರೂಢಿಗೆ ಬಂತು.

ಒಬ್ಬರದು ಲಿಂಗದ ಪ್ರಶ್ನೆ, ಇನ್ನೊಬ್ಬರದು ಸಕ್ಕರೆಯ ಪ್ರಶ್ನೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಎರಡೂ ಪಟ್ಟಿಯ ಹಲವು ಜೀನ್‌ಗಳು ಒಂದೇ ಯಂತ್ರದ ಬಿಡಿಭಾಗಗಳೆಂದು ರುಜುವಾತಾಯಿತು. ‘ಸ್ವಿಚ್-2’ ಮತ್ತು ‘ಸ್ನಿಫ್-2’ ಎರಡು ಹೆಸರು ಹೊತ್ತ ಒಂದೇ ಜೀನ್ ಆಗಿತ್ತು. ಆ ಯಂತ್ರ ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ಅಲ್ಲಿಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ತಪ್ಪು ತೀರ್ಪುಗಳನ್ನು ಹೊತ್ತುಕೊಂಡು ಬಂದಿದ್ದ ಒಂದು ಪ್ರೋಟೀನ್‌ಗೆ ನ್ಯಾಯ ಕೊಟ್ಟಿತು. ಅದರ ಹೆಸರು ಹಿಸ್ಟೋನ್.

ಹೆಬ್ಬಾತಿನ ರಕ್ತದಿಂದ ಬಟಾಣಿ ಮೊಳಕೆಯವರೆಗೆ

1869ರಲ್ಲಿ ಫ್ರೀಡ್ರಿಕ್ ಮೀಷರ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ, ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ ಕೀವಿನ ಕೋಶಗಳಿಂದ ರಂಜಕ ತುಂಬಿದ ಹೊಸ ವಸ್ತುವೊಂದನ್ನು ಬೇರ್ಪಡಿಸಿದ್ದರು. ನಾವು ಇಂದು ಡಿಎನ್‌ಎ ಎನ್ನುವುದು ಅದರಲ್ಲಿತ್ತು. ಅದಾದ ಸುಮಾರು ಹತ್ತು ವರ್ಷಕ್ಕೆ ವಾಲ್ಟರ್ ಫ್ಲೆಮಿಂಗ್ ಕೋಶಕೇಂದ್ರದೊಳಗೆ ಬಣ್ಣವನ್ನು ಗಾಢವಾಗಿ ಹೀರಿಕೊಳ್ಳುವ ಎಳೆಗಳನ್ನು ಕಂಡು ಅವನ್ನು ಕ್ರೊಮ್ಯಾಟಿನ್ ಎಂದು ಕರೆದರು. 1884ರಲ್ಲಿ ಆಲ್ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ಕೆಂಪು ರಕ್ತಕಣಗಳಿಂದ ಒಂದು ಪ್ರೋಟೀನನ್ನು ಹೊರತೆಗೆದರು. ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ ನಮ್ಮಲ್ಲಿಲ್ಲದ ಕೋಶಕೇಂದ್ರ ಇರುವುದರಿಂದ ಆ ಆಯ್ಕೆ ಫಲಿಸಿತು. ಡಿಎನ್‌ಎ ಆಮ್ಲಗುಣದ್ದು, ಈ ಪ್ರೋಟೀನ್ ಕ್ಷಾರಗುಣದ್ದು, ಆದ್ದರಿಂದ ಅದಕ್ಕೆ ಬಿಗಿಯಾಗಿ ಅಂಟಿಕೊಂಡಿತ್ತು. ಕೊಸೆಲ್ ಅದಕ್ಕೆ ಹಿಸ್ಟೋನ್ ಎಂದು ಹೆಸರಿಟ್ಟರು. ಕೋಶದ ರಸಾಯನದ ಅಧ್ಯಯನಕ್ಕಾಗಿ ಅವರಿಗೆ 1910ರಲ್ಲಿ ನೊಬೆಲ್ ಬಂತು.

1884ರ ನಂತರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಸ್ಟೋನ್ ಮೂಲೆಯಲ್ಲುಳಿಯಿತು. 1950ರಲ್ಲಿ ಎಡಿನ್‌ಬರೊದ ಎಡ್ಗರ್ ಮತ್ತು ಎಲೆನ್ ಸ್ಟೆಡ್‌ಮನ್ ದಂಪತಿ ಒಂದು ಧೈರ್ಯದ ಮಾತಾಡಿದರು. ದೇಹದ ಎಲ್ಲ ಕೋಶಗಳಲ್ಲೂ ಒಂದೇ ಜೀನ್‌ಗಳಿದ್ದರೂ ಯಕೃತ್ತಿನ ಕೋಶ ಒಂದು ಥರ, ನರಕೋಶ ಇನ್ನೊಂದು ಥರ ಇರಲು ಕಾರಣವೇನು? ಬೇಡದ ಜೀನ್‌ಗಳನ್ನು ಹಿಸ್ಟೋನ್‌ಗಳು ಅದುಮಿಡುತ್ತಿರಬಹುದು ಎಂದು ಅವರು ಹೇಳಿದರು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂ-ಚಿ ಹುವಾಂಗ್ ಮತ್ತು ಜೇಮ್ಸ್ ಬಾನರ್ ಬಟಾಣಿಯ ಕ್ರೊಮ್ಯಾಟಿನ್ ತೆಗೆದುಕೊಂಡು ಪರೀಕ್ಷಿಸಿದರು. ಹಿಸ್ಟೋನ್ ಅಂಟಿರುವ ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿ ಹುಟ್ಟುವುದು ನಿಂತುಹೋಗುತ್ತಿತ್ತು. ಹಿಸ್ಟೋನ್ ತೆಗೆದರೆ ಮತ್ತೆ ಹುಟ್ಟುತ್ತಿತ್ತು. ಜೀನ್‌ನ ಮಾಹಿತಿಯನ್ನು ಆರ್‌ಎನ್‌ಎಗೆ ಇಳಿಸುವ ಈ ಕೆಲಸವೇ ಪ್ರತಿಲೇಖನ. ಪ್ರೋಟೀನ್ ತಯಾರಿಕೆಯ ಮೊದಲ ಹೆಜ್ಜೆ ಅದು.

1964ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರಿ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದದ್ದನ್ನು ಕಂಡರು. ಹಿಸ್ಟೋನ್‌ಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಾಗ ಅದು ಡಿಎನ್‌ಎಗೆ ಕಚ್ಚಿಕೊಂಡೇ ಇದ್ದರೂ ಅದರ ಅದುಮುವ ಗುಣ ತಗ್ಗುತ್ತಿತ್ತು. ಅಂದರೆ ಹಿಸ್ಟೋನನ್ನು ಕಿತ್ತೆಸೆಯದೆ, ಅದಕ್ಕೊಂದು ಗುರುತು ಹಾಕಿ ಜೀನನ್ನು ಎಬ್ಬಿಸಬಹುದು, ಗುರುತು ಅಳಿಸಿ ಮಲಗಿಸಬಹುದು ಎಂದು ಆಲ್‌ಫ್ರಿ ಊಹಿಸಿದರು. ಆ ಊಹೆಗೆ ಪುರಾವೆ ಸಿಗಲು 32 ವರ್ಷ ಹಿಡಿಯಿತು.

ತಡವಾಗಲು ಕಾರಣವಿತ್ತು. 1969ರಲ್ಲಿ ಕರುವಿನ ಮತ್ತು ಬಟಾಣಿಯ ಎಚ್4 ಹಿಸ್ಟೋನ್‌ಗಳ ಅಮೈನೊ ಆಮ್ಲಗಳ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಲಾಯಿತು. 102 ಅಮೈನೊ ಆಮ್ಲಗಳಲ್ಲಿ ವ್ಯತ್ಯಾಸವಿದ್ದದ್ದು ಎರಡರಲ್ಲಿ ಮಾತ್ರ. ಗಿಡಕ್ಕೂ ದನಕ್ಕೂ ಒಂದೇ ಆಗಿರುವ, ಪ್ರತಿ ಕೋಶದಲ್ಲೂ ಒಂದೇ ಆಗಿರುವ ಪ್ರೋಟೀನ್ ಸಾವಿರಾರು ಜೀನ್‌ಗಳಲ್ಲಿ ಯಾವುದು ಯಾವಾಗ ನಡೆಯಬೇಕೆಂದು ಹೇಗೆ ತೀರ್ಮಾನಿಸೀತು? ಸ್ಟೆಡ್‌ಮನ್ ದಂಪತಿಯ ಮಾತಿಗೆ ಬೆಲೆ ಇಳಿಯಿತು. ಹಿಸ್ಟೋನ್ ಬರೀ ಹೊದಿಕೆ ಎಂಬ ಅಭಿಪ್ರಾಯ ಬೇರೂರಿತು.

ಮಣಿಸರ ಕಂಡ ವರ್ಷಗಳು

ಹೊದಿಕೆಯ ಆಕಾರ ತಿಳಿದದ್ದು 1970ರ ದಶಕದಲ್ಲಿ. ಮನುಷ್ಯನ ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಇದೆ. ಅದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಅಗಲವಿಲ್ಲದ ಕೋಶಕೇಂದ್ರದಲ್ಲಿ ಅಡಗಬೇಕು. 1973ರಲ್ಲಿ ಆಸ್ಟ್ರೇಲಿಯಾದ ಡೀನ್ ಹ್ಯೂಯಿಷ್ ಮತ್ತು ಲೀ ಬರ್ಗೊಯ್ನ್, ಇಲಿಯ ಯಕೃತ್ತಿನ ಕ್ರೊಮ್ಯಾಟಿನನ್ನು ಕಿಣ್ವದಿಂದ ಕತ್ತರಿಸಿದರೆ ಅದು ಎಲ್ಲೆಂದರಲ್ಲಿ ತುಂಡಾಗದೆ ಸಮ ಅಳತೆಯಲ್ಲಿ ತುಂಡಾಗುವುದನ್ನು ತೋರಿಸಿದರು. ಮರುವರ್ಷ ಓಕ್ ರಿಜ್‌ನಲ್ಲಿ ಏಡಾ ಮತ್ತು ಡೊನಾಲ್ಡ್ ಓಲಿನ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಾರಕ್ಕೆ ಪೋಣಿಸಿದ ಮಣಿಗಳಂತೆ ಕಾಣುವ ಕ್ರೊಮ್ಯಾಟಿನ್ ಎಳೆಯ ಚಿತ್ರ ತೆಗೆದರು. ಅದೇ 1974ರಲ್ಲಿ ಕೇಂಬ್ರಿಜ್‌ನಲ್ಲಿದ್ದ ರೋಜರ್ ಕಾರ್ನ್‌ಬರ್ಗ್ ಲೆಕ್ಕವನ್ನು ಬಿಡಿಸಿಟ್ಟರು. ಎಚ್2ಎ, ಎಚ್2ಬಿ, ಎಚ್3, ಎಚ್4 ಎಂಬ ನಾಲ್ಕು ಹಿಸ್ಟೋನ್‌ಗಳು ತಲಾ ಎರಡರಂತೆ ಎಂಟು ಸೇರಿ ಒಂದು ಮಣಿ; ಅದಕ್ಕೆ ಸುಮಾರು 200 ಬೇಸ್ ಜೋಡಿಗಳಷ್ಟು ಡಿಎನ್‌ಎ. ಸ್ಟ್ರಾಸ್‌ಬರ್ಗ್‌ನ ಪಿಯೆರ್ ಶಾಂಬೋನ್ ಅವರ ತಂಡ 1975ರಲ್ಲಿ ಅದನ್ನು ನ್ಯೂಕ್ಲಿಯೋಸೋಮ್ ಎಂದು ಕರೆಯಿತು. ಅದರ ಅಣುಅಣುವಿನ ಚಿತ್ರ ಸಿಕ್ಕದ್ದು 1997ರಲ್ಲಿ, ಜ್ಯೂರಿಕ್‌ನ ಕ್ಯಾರೊಲಿನ್ ಲೂಗರ್, ಟಿಮೊತಿ ರಿಚ್ಮಂಡ್ ಮತ್ತು ಜೊತೆಗಾರರಿಂದ. ಡಿಎನ್‌ಎ ಹಿಸ್ಟೋನ್ ಗುಂಪಿನ ಸುತ್ತ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಂಡಿರುತ್ತದೆ. ಹಿಸ್ಟೋನ್‌ಗಳ ಬಾಲಗಳು ಹೊರಗೆ ಚಾಚಿಕೊಂಡಿರುತ್ತವೆ. ಆಲ್‌ಫ್ರಿ ಕಂಡ ಅಸಿಟೈಲ್ ಗುರುತು ಬೀಳುವುದು ಮುಖ್ಯವಾಗಿ ಆ ಬಾಲಗಳ ಮೇಲೆ.

ಆಕಾರ ತಿಳಿದಷ್ಟಕ್ಕೆ ಅಧಿಕಾರ ಸಾಬೀತಾಗುವುದಿಲ್ಲ. 1987ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾಹ್ಲಿ ಲಾರ್ಚ್ ಮತ್ತು ಕಾರ್ನ್‌ಬರ್ಗ್, ಜೀನ್‌ನ ಆರಂಭದ ಜಾಗದಲ್ಲಿ ನ್ಯೂಕ್ಲಿಯೋಸೋಮ್ ಕೂತಿದ್ದರೆ ಪ್ರತಿಲೇಖನ ಶುರುವಾಗುವುದೇ ಇಲ್ಲವೆಂದು ಪ್ರನಾಳದಲ್ಲಿ ತೋರಿಸಿದರು. ಜೀವಂತ ಕೋಶದಲ್ಲೂ ಹೀಗೆಯೇ? ಲಾಸ್ ಏಂಜಲೀಸ್‌ನ ಮೈಕೆಲ್ ಗ್ರನ್‌ಸ್ಟೀನ್ ಅದಕ್ಕೆ ಉತ್ತರ ಹುಡುಕಿದರು. ಎಚ್4 ತಯಾರಿಕೆಯನ್ನು ಬೇಕೆಂದಾಗ ನಿಲ್ಲಿಸಬಹುದಾದ ಯೀಸ್ಟನ್ನು ಅವರ ತಂಡ ರೂಪಿಸಿತು. 1988ರಲ್ಲಿ ಎಚ್4 ನಿಲ್ಲಿಸಿ ನ್ಯೂಕ್ಲಿಯೋಸೋಮ್‌ಗಳು ಕಡಿಮೆಯಾದಾಗ, ಸುಮ್ಮನಿರಬೇಕಿದ್ದ ಜೀನ್‌ಗಳು ಯಾವ ಸೂಚನೆಯೂ ಇಲ್ಲದೆ ಎಚ್ಚೆತ್ತವು. ಹಿಸ್ಟೋನ್ ಜೀವಂತ ಕೋಶದಲ್ಲಿ ಜೀನ್‌ಗಳನ್ನು ತಡೆದಿಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಅದುವರೆಗೆ ಇರಲಿಲ್ಲ. ಈಗ ಪ್ರಶ್ನೆ ತಿರುಗಿ ನಿಂತಿತು: ತಡೆ ಇದೆಯೆಂದಾದರೆ, ಆರೋಗ್ಯವಂತ ಕೋಶದಲ್ಲಿ ಅದನ್ನು ಸರಿಸುವವರು ಯಾರು?

ಒಂದು ಕೆಡುಕನ್ನು ಇನ್ನೊಂದು ಕೆಡುಕು ಸರಿಪಡಿಸಿದಾಗ

ಇಲ್ಲಿ ಸ್ವಿಚ್ ಮತ್ತು ಸ್ನಿಫ್ ಜೀನ್‌ಗಳು ಮತ್ತೆ ಕಥೆಗೆ ಬರುತ್ತವೆ. ಅವುಗಳ ಪೈಕಿ ಒಂದು ಕೆಟ್ಟರೂ ಎಚ್‌ಒ, ಇನ್ವರ್ಟೇಸ್ ಮಾತ್ರವಲ್ಲ, ಬೇರೆ ಅನೇಕ ಜೀನ್‌ಗಳೂ ಸೊರಗುತ್ತಿದ್ದವು. 1992ರಲ್ಲಿ ಕ್ರೇಗ್ ಪೀಟರ್ಸನ್ ಮತ್ತು ಹರ್ಸ್ಕೊವಿಟ್ಜ್ ಇವು ಯೀಸ್ಟ್‌ನ ಉದ್ದಗಲಕ್ಕೂ ಜೀನ್‌ಗಳನ್ನು ನಡೆಸುವ ಒಂದೇ ವ್ಯವಸ್ಥೆಯ ಅಂಗಗಳೆಂದು ವಾದಿಸಿದರು. ಆದರೆ ಹೇಗೆ ನಡೆಸುತ್ತವೆ?

ಯೀಸ್ಟ್ ತಳಿವಿಜ್ಞಾನದಲ್ಲಿ ಒಂದು ಹಳೆಯ ಉಪಾಯವಿದೆ. ಒಂದು ಜೀನ್ ಕೆಟ್ಟು ಸೊರಗಿದ ಯೀಸ್ಟ್, ಇನ್ನೊಂದು ಜೀನ್ ಕೆಟ್ಟಾಗ ಚೇತರಿಸಿಕೊಂಡರೆ ಆ ಎರಡು ಜೀನ್‌ಗಳು ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತಿವೆ ಎಂದು ಊಹಿಸಬಹುದು. ಸ್ವಿಚ್ ಕೆಟ್ಟ ಯೀಸ್ಟ್‌ನಲ್ಲಿ ಎಚ್‌ಒ ಜೀನನ್ನು ಮತ್ತೆ ನಡೆಸಬಲ್ಲ ಮ್ಯುಟೇಷನ್‌ಗಳನ್ನು ಹರ್ಸ್ಕೊವಿಟ್ಜ್ ಅವರ ತಂಡ ಹುಡುಕಿತು. ಹಾರ್ವರ್ಡ್‌ನಲ್ಲಿ ಫ್ರೆಡ್ ವಿನ್‌ಸ್ಟನ್ ಅವರ ತಂಡವೂ ಇದೇ ದಾರಿ ಹಿಡಿದಿತ್ತು. ಯೀಸ್ಟ್‌ನಲ್ಲಿ ಎಚ್2ಎ-ಎಚ್2ಬಿ ಹಿಸ್ಟೋನ್‌ಗಳ ಜೀನ್ ಎರಡು ಜತೆ ಇರುತ್ತವೆ. ಅದರಲ್ಲಿ ಒಂದು ಜತೆಯನ್ನು ತೆಗೆದುಹಾಕಿದರೆ, ಸ್ನಿಫ್ ಇಲ್ಲದ ಯೀಸ್ಟ್‌ನಲ್ಲೂ ಇನ್ವರ್ಟೇಸ್ ಜೀನ್ ಕೆಲಸ ಮಾಡತೊಡಗುತ್ತದೆಂದು ವಿನ್‌ಸ್ಟನ್ ತಂಡ 1992ರಲ್ಲಿ ಪ್ರಕಟಿಸಿತು. ಹರ್ಸ್ಕೊವಿಟ್ಜ್ ಅವರ ಹುಡುಕಾಟದಲ್ಲಿ ಸಿಕ್ಕ ಜೀನ್‌ಗಳಲ್ಲೊಂದು ಎಚ್3 ಹಿಸ್ಟೋನ್‌ನದೇ ಎಂದು ಮುಂದೆ ಗೊತ್ತಾಯಿತು.

ಈ ಪ್ರಯೋಗದ ತರ್ಕ ನನಗೆ ಜೀವವಿಜ್ಞಾನದ ಅತ್ಯಂತ ಸುಂದರ ತರ್ಕಗಳಲ್ಲೊಂದಾಗಿ ಕಾಣುತ್ತದೆ. ಹಿಸ್ಟೋನ್ ಸಡಿಲಗೊಂಡರೆ ಸ್ವಿಚ್-ಸ್ನಿಫ್ ಬೇಕಾಗುವುದೇ ಇಲ್ಲ. ಹಾಗಾದರೆ ಸ್ವಿಚ್-ಸ್ನಿಫ್‌ನ ಕಸುಬು ಹಿಸ್ಟೋನ್‌ನ ಹಿಡಿತವನ್ನು ಸಡಿಲಿಸುವುದೇ ಇರಬೇಕು. ಯಾರೂ ಅಣುವನ್ನು ಕಣ್ಣಾರೆ ನೋಡಿರಲಿಲ್ಲ, ಯಂತ್ರವನ್ನು ಶುದ್ಧಗೊಳಿಸಿರಲಿಲ್ಲ. ಬೆಳೆದ ಯೀಸ್ಟ್, ಬೆಳೆಯದ ಯೀಸ್ಟ್ ಇವೆರಡರ ಹೋಲಿಕೆಯಿಂದಲೇ ಬಹುಮಟ್ಟಿಗೆ ಇಷ್ಟು ದೂರ ಬಂದಿದ್ದರು.

ಮುಂದಿನದು ಜೀವರಸಾಯನದ ಪಾಲಿಗೆ ಬಂತು. ಸ್ನಿಫ್-2 ಪ್ರೋಟೀನ್ ಕೋಶದ ಇಂಧನವಾದ ಎಟಿಪಿಯನ್ನು ಉರಿಸುವ ಕಿಣ್ವವೆಂದು ಕಾರ್ಲ್‌ಸನ್ ತಂಡ ತೋರಿಸಿತು. 1994ರಲ್ಲಿ ಪೀಟರ್ಸನ್ ಮತ್ತು ಜೆರ್ರಿ ವರ್ಕ್‌ಮನ್ ಅವರ ತಂಡಗಳು ಯೀಸ್ಟ್‌ನಿಂದ ಇಡೀ ಯಂತ್ರವನ್ನು ಶುದ್ಧವಾಗಿ ಪಡೆದವು. ಅದನ್ನು ನ್ಯೂಕ್ಲಿಯೋಸೋಮ್ ಜೊತೆಗಿಟ್ಟು ಎಟಿಪಿ ಕೊಟ್ಟರೆ, ಹಿಸ್ಟೋನ್‌ನಿಂದ ಮುಚ್ಚಿದ್ದ ಡಿಎನ್‌ಎಗೆ ಜೀನ್ ಎಬ್ಬಿಸುವ ಪ್ರೋಟೀನ್‌ಗಳು ಸುಲಭವಾಗಿ ಅಂಟಿಕೊಳ್ಳತೊಡಗಿದವು. ಅದೇ ವರ್ಷ ಮನುಷ್ಯನ ಕೋಶಗಳಿಂದ ಪಡೆದ ಸ್ವಿಚ್-ಸ್ನಿಫ್ ಕೂಡ ಹೀಗೆಯೇ ಮಾಡುತ್ತದೆಂದು ರಾಬರ್ಟ್ ಕಿಂಗ್‌ಸ್ಟನ್ ಮತ್ತು ಮೈಕೆಲ್ ಗ್ರೀನ್ ಅವರ ತಂಡಗಳು ತೋರಿಸಿದವು. ಹಣ್ಣುನೊಣದಲ್ಲಿ ಕಾಲು, ರೆಕ್ಕೆ ಎಲ್ಲಿ ಬೆಳೆಯಬೇಕೆಂಬ ನಿಯಂತ್ರಣದಲ್ಲಿ ಪಾಲ್ಗೊಳ್ಳುವ ‘ಬ್ರಹ್ಮ’ ಎಂಬ ಜೀನ್ ಸ್ನಿಫ್-2ರ ಬಂಧುವೆಂದು 1992ರಲ್ಲೇ ತಿಳಿದಿತ್ತು. 1995ರಲ್ಲಿ ಕಾರ್ಲ್ ವು ಮತ್ತು ತೊಶಿಯೊ ತ್ಸುಕಿಯಾಮಾ ಅದೇ ನೊಣದಿಂದ ಇನ್ನೊಂದು ಬಗೆಯ ಯಂತ್ರವನ್ನು ಹೊರತೆಗೆದರು. ಇಂದು ಇಂಥ ಯಂತ್ರಗಳ ನಾಲ್ಕು ಮುಖ್ಯ ಕುಟುಂಬಗಳನ್ನು ಗುರುತಿಸಲಾಗಿದೆ. ಎಲ್ಲವೂ ಎಟಿಪಿಯ ಬಲದಿಂದ ಡಿಎನ್‌ಎಯನ್ನು ಹಿಸ್ಟೋನ್ ಮೇಲಿಂದ ಎಳೆಯುತ್ತವೆ. ಆ ಎಳೆತದಿಂದ ನ್ಯೂಕ್ಲಿಯೋಸೋಮ್ ಪಕ್ಕಕ್ಕೆ ಸರಿಯಬಹುದು, ಕಳಚಿ ಬೀಳಬಹುದು ಅಥವಾ ಅದರೊಳಗಿನ ಹಿಸ್ಟೋನ್ ಬದಲಾಗಬಹುದು. ಕೆಲವು ಯಂತ್ರಗಳು ಜಾಗ ತೆರೆಯುತ್ತವೆ. ಕೆಲವು ನ್ಯೂಕ್ಲಿಯೋಸೋಮ್‌ಗಳನ್ನು ಸಮ ಅಂತರದಲ್ಲಿ ಕೂರಿಸಿ ಜೀನನ್ನು ಮುಚ್ಚಿಡುತ್ತವೆ.

ಎರಡು ಕೋಶಕೇಂದ್ರದ ಜೀವಿ

ಹಿಸ್ಟೋನ್ ಬದಲಾಗುವುದು ಎಂದೆ. ಎಲ್ಲ ಹಿಸ್ಟೋನ್‌ಗಳೂ ಒಂದೇ ಎಂಬ 1969ರ ನಂಬಿಕೆ ಬಿರುಕು ಬಿಟ್ಟದ್ದು ಒಂದು ಕೆರೆಜೀವಿಯಿಂದ. ಟೆಟ್ರಾಹೈಮಿನಾ ಎಂಬ ಈ ಏಕಕೋಶಜೀವಿಗೆ ಎರಡು ಕೋಶಕೇಂದ್ರಗಳಿವೆ. ದೊಡ್ಡದರಲ್ಲಿ ಜೀನ್‌ಗಳು ಸದಾ ಪ್ರತಿಲೇಖನದಲ್ಲಿ ತೊಡಗಿರುತ್ತವೆ. ಚಿಕ್ಕದು ಸಂತಾನಕ್ಕಾಗಿ ಮೀಸಲಾಗಿ ಮೌನವಾಗಿರುತ್ತದೆ. ನಡೆಯುವ ಜೀನ್‌ಗೂ ನಡೆಯದ ಜೀನ್‌ಗೂ ಹಿಸ್ಟೋನ್‌ನಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳಲು ಇದಕ್ಕಿಂತ ತಕ್ಕ ಜೀವಿ ಇರಲಾರದು. 1980ರಲ್ಲಿ ಮಾರ್ಟಿನ್ ಗೊರೊವ್‌ಸ್ಕಿ ಅವರ ರೊಚೆಸ್ಟರ್ ಪ್ರಯೋಗಾಲಯದಲ್ಲಿ ಡೇವಿಡ್ ಆಲಿಸ್, ದೊಡ್ಡ ಕೋಶಕೇಂದ್ರದಲ್ಲಿ ಮಾತ್ರ ಕಾಣುವ ಹಿಸ್ಟೋನ್‌ವೊಂದನ್ನು ಗುರುತಿಸಿದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವಿಲಿಯಂ ಬಾನರ್ ಮತ್ತು ಮೈಕೆಲ್ ವೆಸ್ಟ್ ಇಲಿಯ ಕೋಶಗಳಲ್ಲಿ ಎಚ್2ಎಯ ಹಲವು ಪರ್ಯಾಯ ರೂಪಗಳನ್ನು ವಿಂಗಡಿಸಿ, ಒಂದನ್ನು ಎಚ್2ಎ-ಝಡ್ ಎಂದು ಕರೆದರು. ಟೆಟ್ರಾಹೈಮಿನಾದಲ್ಲಿ ಸಿಕ್ಕದ್ದೂ ಇದೇ ಬಗೆಯದು. ಸಾಮಾನ್ಯ ಎಚ್2ಎಗೂ ಇದಕ್ಕೂ ಸುಮಾರು ಶೇಕಡಾ 60ರಷ್ಟು ಮಾತ್ರ ಹೋಲಿಕೆ; ಆದರೆ ಯೀಸ್ಟ್‌ನಿಂದ ಮನುಷ್ಯನವರೆಗೆ ಈ ಪರ್ಯಾಯ ರೂಪ ತನ್ನತನ ಉಳಿಸಿಕೊಂಡು ಬಂದಿದೆ.

ಆಲಿಸ್ ಆ ಜೀವಿಯ ಕೈ ಬಿಡಲಿಲ್ಲ. 1996ರಲ್ಲಿ ಅವರೂ ಜೇಮ್ಸ್ ಬ್ರೌನೆಲ್ ಅವರೂ ಟೆಟ್ರಾಹೈಮಿನಾದ ದೊಡ್ಡ ಕೋಶಕೇಂದ್ರದಿಂದ ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸುವ ಕಿಣ್ವವನ್ನು ಹಿಡಿದರು. ಅದು ಯೀಸ್ಟ್‌ನಲ್ಲಿ ಜೀನ್‌ಗಳನ್ನು ಎಬ್ಬಿಸುವುದಕ್ಕೆ ಆಗಲೇ ಹೆಸರಾಗಿದ್ದ ಜಿಸಿಎನ್-5 ಪ್ರೋಟೀನ್‌ನ ಬಂಧುವಾಗಿತ್ತು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಸ್ಟುವರ್ಟ್ ಶ್ರೈಬರ್ ತಂಡಕ್ಕೆ ಅಸಿಟೈಲ್ ತೆಗೆಯುವ ಕಿಣ್ವ ಸಿಕ್ಕಿತು. ಅದು ಜೀನ್ ಮಲಗಿಸುವ ಪ್ರೋಟೀನ್‌ನ ಬಂಧು. 1964ರ ಆಲ್‌ಫ್ರಿಯ ಊಹೆಗೆ ಪುರಾವೆ ಬಂದದ್ದು ಹೀಗೆ. ಸ್ವಿಚ್-ಸ್ನಿಫ್ ಯಂತ್ರದಲ್ಲಿ ಅಸಿಟೈಲ್ ಗುರುತನ್ನು ಹಿಡಿದುಕೊಳ್ಳುವ ಭಾಗವೊಂದಿದೆ ಎಂದು ಮುಂದೆ ತಿಳಿದಾಗ, ಗುರುತು ಹಾಕುವವರೂ ನ್ಯೂಕ್ಲಿಯೋಸೋಮ್ ಸರಿಸುವವರೂ ಜೊತೆಗೂಡಿ ದುಡಿಯುವ ಬಗೆ ಸ್ಪಷ್ಟವಾಯಿತು.

2002ರಲ್ಲಿ ಸಿಯಾಟಲ್‌ನ ಕಾಮಿ ಅಹ್ಮದ್ ಮತ್ತು ಸ್ಟೀವನ್ ಹೆನಿಕಾಫ್ ಹಣ್ಣುನೊಣದಲ್ಲಿ ಎಚ್3.3 ಎಂಬ ಪರ್ಯಾಯ ರೂಪದ ನಡೆಯನ್ನು ವಿವರಿಸಿದರು. ಸಾಮಾನ್ಯ ಎಚ್3 ಡಿಎನ್‌ಎ ಇಮ್ಮಡಿಯಾಗುವ ಹೊತ್ತಿನಲ್ಲಿ ಮಾತ್ರ ಸೇರುತ್ತದೆ. ಅದಕ್ಕಿಂತ ನಾಲ್ಕೇ ಅಮೈನೊ ಆಮ್ಲಗಳಲ್ಲಿ ಬೇರೆಯಾದ ಎಚ್3.3, ಪ್ರತಿಲೇಖನ ಬಿರುಸಾಗಿರುವ ಕಡೆ ಯಾವಾಗ ಬೇಕಾದರೂ ಸೇರಬಲ್ಲದು.

ಪರ್ಯಾಯ ಹಿಸ್ಟೋನ್‌ಗಳ ಕಥೆಯೂ ನ್ಯೂಕ್ಲಿಯೋಸೋಮ್ ಸರಿಸುವ ಯಂತ್ರಗಳ ಕಥೆಯೂ ಕೂಡಿದ್ದು 2004ರಲ್ಲಿ. ಕಾರ್ಲ್ ವು ಪ್ರಯೋಗಾಲಯದ ಗಾಕು ಮಿಝುಗುಚಿ ಮತ್ತು ಜೊತೆಗಾರರು ಯೀಸ್ಟ್‌ನ ಸ್ವಾರ್-1 ಎಂಬ ಯಂತ್ರವನ್ನು ಪರೀಕ್ಷಿಸಿದರು. ಇದರ ಎಂಜಿನ್ ಸ್ನಿಫ್-2ರ ದಾಯಾದಿ. ಎಟಿಪಿ ಸಿಕ್ಕೊಡನೆ ಅದು ನ್ಯೂಕ್ಲಿಯೋಸೋಮ್‌ನಿಂದ ಸಾಮಾನ್ಯ ಎಚ್2ಎಯನ್ನು ತೆಗೆದು ಅಲ್ಲಿ ಎಚ್2ಎ-ಝಡ್ ಕೂರಿಸಿತು. ಇನ್ನೆರಡು ತಂಡಗಳೂ ಅದೇ ಹೊತ್ತಿನಲ್ಲಿ ಈ ಯಂತ್ರಕ್ಕೂ ಈ ಹಿಸ್ಟೋನ್‌ಗೂ ಇರುವ ನಂಟನ್ನು ಕಂಡವು. ಮರುವರ್ಷದ ಅಧ್ಯಯನಗಳು ಎಚ್2ಎ-ಝಡ್ ಇರುವ ನ್ಯೂಕ್ಲಿಯೋಸೋಮ್‌ಗಳು ಯೀಸ್ಟ್ ಜೀನ್‌ಗಳ ಆರಂಭದ ತೆರೆದ ಜಾಗದ ಅಕ್ಕಪಕ್ಕದಲ್ಲೇ ಕೂತಿರುವುದನ್ನು ತೋರಿಸಿದವು. ಪ್ರತಿಲೇಖನ ಎಲ್ಲಿ ಶುರುವಾಗಬೇಕೋ ಅಲ್ಲೇ ಬೇರೆ ಥರದ ಹಿಸ್ಟೋನ್ ಕಾದಿರುತ್ತದೆ. 2010ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಎಸ್. ವಿನೋದ್ ಕುಮಾರ್ ಮತ್ತು ಫಿಲಿಪ್ ವಿಗ್, ಅರಾಬಿಡೋಪ್ಸಿಸ್ ಎಂಬ ಪುಟ್ಟ ಸಾಸಿವೆ ಜಾತಿಯ ಗಿಡದಲ್ಲಿ ಬಿಸಿ ಏರಿದಂತೆ ಕೆಲವು ಜೀನ್‌ಗಳ ಮೇಲಿನ ಎಚ್2ಎ-ಝಡ್ ಕಡಿಮೆಯಾಗುವುದನ್ನು ಕಂಡರು. ಅದನ್ನು ಕೂರಿಸುವ ವ್ಯವಸ್ಥೆ ಕೆಟ್ಟ ಗಿಡ, ತಂಪಿನಲ್ಲೂ ಬಿಸಿಲಿನಲ್ಲಿರುವಂತೆ ಬೆಳೆಯುತ್ತಿತ್ತು. ಹವೆಯನ್ನು ಗ್ರಹಿಸುವುದರಲ್ಲೂ ಹಿಸ್ಟೋನ್‌ಗೆ ಪಾಲಿದೆ.

ಬೆಂಗಳೂರಿನ ಪಾಲು

ಈ ಇತಿಹಾಸದಲ್ಲಿ ಕರ್ನಾಟಕದ ಪಾಲೂ ಇದೆ. ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಇಲಿಯ ವೃಷಣದ ಕ್ರೊಮ್ಯಾಟಿನ್ ಅಧ್ಯಯನ ಮಾಡಿದರು. ವೀರ್ಯಾಣು ರೂಪುಗೊಳ್ಳುವಾಗ ಸಾಮಾನ್ಯ ಹಿಸ್ಟೋನ್‌ಗಳ ಬದಲಿಗೆ ವೃಷಣದಲ್ಲಿ ಮಾತ್ರ ಕಾಣುವ ಪರ್ಯಾಯ ರೂಪಗಳು ಬರುತ್ತವೆ. ಕೊನೆಗೆ ಹೆಚ್ಚಿನ ಹಿಸ್ಟೋನ್‌ಗಳೇ ಜಾಗ ಖಾಲಿ ಮಾಡುತ್ತವೆ. ಆ ಪರ್ಯಾಯಗಳಲ್ಲೊಂದಾದ ಎಚ್1ಟಿ, ಕ್ರೊಮ್ಯಾಟಿನನ್ನು ಉಳಿದವುಗಳಷ್ಟು ಬಿಗಿಯಾಗಿ ಕಟ್ಟಲಾರದು ಎಂದು ರಾವ್ ಅವರ ತಂಡ 1995ರಲ್ಲಿ ತೋರಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಅಸಿಟೈಲ್ ಅಂಟಿಸುವ ಪಿ300 ಕಿಣ್ವವನ್ನು ತಡೆಯುವ ಅಣುಗಳನ್ನು ನಮ್ಮ ಸುತ್ತಲಿನ ಗಿಡಗಳಲ್ಲೇ ಹುಡುಕಿತು. 2003ರಲ್ಲಿ ಗೇರುಬೀಜದ ಸಿಪ್ಪೆಯೆಣ್ಣೆಯ ಅನಕಾರ್ಡಿಕ್ ಆಮ್ಲ, 2004ರಲ್ಲಿ ಕರಾವಳಿಯ ಪುನರ್ಪುಳಿಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಅಂಥ ಗುಣ ತೋರಿದವು. ಇವು ಪ್ರಯೋಗಾಲಯದ ಫಲಿತಾಂಶಗಳು. ಪುನರ್ಪುಳಿ ಸಾರು ಕುಡಿದರೆ ರೋಗ ವಾಸಿಯಾಗುತ್ತದೆ ಎಂದು ಯಾರೂ ಓದಿಕೊಳ್ಳಬಾರದು. ಕಿಣ್ವದ ಕೆಲಸವನ್ನು ಬಿಡಿಸಿ ನೋಡಲು ಜಗತ್ತಿನ ಸಂಶೋಧಕರಿಗೆ ಅವು ಉಪಕರಣಗಳಾದವು.

ರೋಗದ ಕಡೆಯಿಂದ ಬಂದ ಸಾಕ್ಷ್ಯ

ಹಿಸ್ಟೋನ್ ಬರೀ ಹೊದಿಕೆಯೇ ಆಗಿದ್ದರೆ ಅದನ್ನು ಸರಿಸುವ ಯಂತ್ರ ಕೆಟ್ಟಾಗ ಕ್ಯಾನ್ಸರ್ ಬರಬೇಕಿರಲಿಲ್ಲ. 1998ರಲ್ಲಿ ಪ್ಯಾರಿಸ್‌ನ ಕ್ಯೂರಿ ಸಂಸ್ಥೆಯ ಸಂಶೋಧಕರು, ಎಳೆಯ ಮಕ್ಕಳನ್ನು ಕೊಲ್ಲುವ ರ‍್ಯಾಬ್ಡಾಯ್ಡ್ ಗಡ್ಡೆಗಳಲ್ಲಿ ಸ್ನಿಫ್-5 ಜೀನ್‌ನ ಎರಡೂ ಪ್ರತಿಗಳು ನಾಶವಾಗಿರುವುದನ್ನು ಕಂಡರು. ಮುಂದೆ ಗಡ್ಡೆಗಳ ಡಿಎನ್‌ಎ ಓದುವುದು ಸುಲಭವಾದಾಗ, ಮನುಷ್ಯನ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಸ್ವಿಚ್-ಸ್ನಿಫ್ ಯಂತ್ರದ ಯಾವುದಾದರೂ ಭಾಗ ಕೆಟ್ಟಿರುತ್ತದೆಂದು 2013ರ ವಿಶ್ಲೇಷಣೆ ತಿಳಿಸಿತು. 2012ರಲ್ಲಿ ಎರಡು ತಂಡಗಳು ಮಕ್ಕಳ ಮಾರಕ ಮಿದುಳುಗಡ್ಡೆಗಳಲ್ಲಿ ಎಚ್3.3 ಹಿಸ್ಟೋನ್‌ನ ಜೀನೇ ಬದಲಾಗಿರುವುದನ್ನು ಪತ್ತೆಹಚ್ಚಿದವು. ಬಾಲದ 27ನೇ ಸ್ಥಾನದಲ್ಲಿ ಲೈಸಿನ್ ಇರಬೇಕಾದಲ್ಲಿ ಮೆಥಿಯೊನಿನ್ ಬಂದಿತ್ತು. ಒಂದೇ ಒಂದು ಅಮೈನೊ ಆಮ್ಲದ ಬದಲಾವಣೆ ಕೋಶದ ಅಸಂಖ್ಯ ಜೀನ್‌ಗಳ ನಡೆಯನ್ನು ಕೆಡಿಸಿತ್ತು.

ಹರ್ಸ್ಕೊವಿಟ್ಜ್ 2003ರಲ್ಲಿ ತೀರಿಕೊಂಡರು. ಆಲಿಸ್ ಮತ್ತು ಗ್ರನ್‌ಸ್ಟೀನ್ 2018ರಲ್ಲಿ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡರು. ಆಲಿಸ್ ಮತ್ತು ರಾವ್ ಇಬ್ಬರೂ 2023ರಲ್ಲಿ ನಮ್ಮನ್ನಗಲಿದರು. ಇವರಲ್ಲಿ ಯಾರೂ ಮಕ್ಕಳ ಮಿದುಳುಗಡ್ಡೆಯ ಕಾರಣ ಹುಡುಕಲು ಹೊರಟವರಲ್ಲ. ಯೀಸ್ಟ್, ಕೆರೆಜೀವಿ, ಇಲಿಯ ವೃಷಣ ಇವನ್ನು ಅಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರಿಂದಲೇ 2012ರ ಆ ಬದಲಾವಣೆ ಕಣ್ಣಿಗೆ ಬಿದ್ದಾಗ ಅದರ ಅರ್ಥ ಹೇಳಲು ಜ್ಞಾನ ಸಿದ್ಧವಾಗಿತ್ತು.

ಸ್ಟೆಡ್‌ಮನ್ ದಂಪತಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು: ಹಿಸ್ಟೋನ್ ತಡೆಯುತ್ತದೆ. ಯಾವ ಹಿಸ್ಟೋನ್, ಯಾವ ಗುರುತಿನೊಡನೆ, ಯಾವ ಯಂತ್ರದ ಕೈಯಲ್ಲಿ ಎಂಬುದನ್ನು ಅವಲಂಬಿಸಿ ಅದು ತೆರೆಯಲೂ ಬಲ್ಲದು ಎಂಬುದು ಉಳಿದರ್ಧ. ಇಂದು ಪತ್ರಿಕೆಗಳಲ್ಲಿ, ಪರೀಕ್ಷೆಗಳ ಜಾಹೀರಾತುಗಳಲ್ಲಿ ಇಂಥ ರೋಗಕ್ಕೆ, ಇಂಥ ಗುಣಕ್ಕೆ ಇಂಥ ಜೀನ್ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಅದನ್ನು ಕೇಳಿದಾಗ ಓದುಗರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಆ ಜೀನ್ ಯಾವ ಕೋಶದಲ್ಲಿ, ಯಾವಾಗ ತೆರೆದುಕೊಳ್ಳುತ್ತದೆ? ಆ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಜೀನ್‌ನ ಬಗ್ಗೆ ಹೇಳುವ ಮಾತು ಪೂರ್ತಿಯಾಗುವುದಿಲ್ಲ.